ಉಬ್ಬರದ ಹೊತ್ತಿನ ಗೋಲು

ಏಷ್ಯಾದ ಕಡಲತೀರಗಳೆಲ್ಲ ಕಾಂಕ್ರೀಟಾದ ಮೇಲೂ ಕ್ಲಬ್ಬುಗಳ ಬೀಚ್ ಫುಟ್‌ಬಾಲ್ ಪಂದ್ಯಾವಳಿ ನಿಲ್ಲಲಿಲ್ಲ. ಮರಳು ಇದೆಯೆಂದೇ ಭಾವಿಸಿ ಆಡಬೇಕೆಂಬ ನಿಯಮ ಬಂತು, ಅಷ್ಟೆ. ಫೈನಲ್ಲಿನ ಕೊನೆಯ ನಿಮಿಷದಲ್ಲಿ ಮಲ್ಪೆ ಕ್ಲಬ್ಬಿನ ದಾಮೋದರ ಕರ್ಕೇರ ಪಡುವಣ ಅಂಚಿನಗುಂಟ ನುಗ್ಗಿ ಗೋಲು ಹೊಡೆದ. ರೆಫರಿ ಸೀಟಿ ಊದಿದರು.

“ಕಾಲು ಹೂತೇ ಇಲ್ಲ. ಫೌಲ್!”

ಅಲ್ಲಿದ್ದವರಲ್ಲಿ ನಿಜವಾದ ಮರಳು ತುಳಿದವರು ಮಲ್ಪೆಯ ಮುದಿ ಕೋಚ್ ರುಕ್ಕಯ್ಯಣ್ಣ ಒಬ್ಬರೇ. “ಎಂಥ ಮಾರಾಯ್ರೆ, ಅವ ಓಡಿದ್ದು ನೀರಿನ ಅಂಚಲ್ಲಿ. ಅಲ್ಲಿ ಒದ್ದೆ ಮರಳು ಗಟ್ಟಿ ಇರ್ತದೆ, ಕಾಲು ಹೂತುಹೋಗುದಿಲ್ಲ!” ಎಂದರು.

ರೆಫರಿ ತಲೆದೂಗಿ, ಉಬ್ಬರವಿಳಿತದ ಪಟ್ಟಿ ತೆರೆದು ನೋಡಿದರು. “ಈಗ ಉಬ್ಬರದ ಹೊತ್ತು. ಅಲ್ಲಿ ಎರಡಾಳುದ್ದ ನೀರು. ನಿಮ್ಮ ಹುಡುಗ ಮುಳುಗಿ ಸತ್ತಿದ್ದಾನೆ.”

ಗೋಲು ರದ್ದಾಯಿತು. ಎರಡೂ ತಂಡದವರು ಸಾಲಾಗಿ ನಿಂತು ಒಂದು ನಿಮಿಷ ಮೌನ ಆಚರಿಸಿದರು. ದಾಮೋದರನೂ ತಲೆ ತಗ್ಗಿಸಿ ನಿಂತ. ಮೊದಲೇ ಅವನಿಗೊಂದು ಹಳದಿ ಕಾರ್ಡು ಬಿದ್ದಿತ್ತು.