ಮೂರನೇ ವ್ಯಕ್ತಿಯ ಒಪ್ಪಿಗೆ

"ಆ ಮುದುಕಪ್ಪ ಮತ್ತೆ ಬಂದ್ರು ಮೇಡಮ್," ಎಂದು ಸೂಪರಿಂಟೆಂಡೆಂಟ್ ಪಿಳ್ಳಪ್ಪ ಬಾಗಿಲಲ್ಲೇ ನಿಂತು ಹೇಳಿದರು. "ಇವತ್ತು ಕೊಡದಿದ್ರೆ ಇಲ್ಲೇ ಕೂತ್ಕೋತಾರಂತೆ."

ಕಲಾವತಿ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಅವಳು ಉತ್ತರ ನಗರ ಸಾರಿಗೆ ಸಂಸ್ಥೆಯ ಮಾಹಿತಿ ಅಧಿಕಾರಿ. ಯಾರಾದರೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಇಲ್ಲವೇ ಕೊಡದಿರುವುದಕ್ಕೆ ಒಳ್ಳೆಯದೊಂದು ಕಾರಣ ಹುಡುಕಬೇಕು. ಯಶವಂತಪುರ ಮಾರುಕಟ್ಟೆಯ ಹಿಂದಿದ್ದ ಆ ಕಚೇರಿಯಲ್ಲಿ ಎರಡನೆಯ ಕೆಲಸದಲ್ಲಿ ಪಳಗಿದವರೇ ಹೆಚ್ಚು. ಹೊರಗೆ ಕಾದಿದ್ದ ನರಸಿಂಹಯ್ಯನವರ ಅರ್ಜಿಗೆ ಇವತ್ತು ಮೂವತ್ತನೇ ದಿನ.

ಅವರು ಕೇಳಿದ್ದು ಒಂದೇ ಒಂದು ಹಾಳೆ. 2014ರ ಜೂನ್‌ನಲ್ಲಿ ಕೊಡಿಗೇಹಳ್ಳಿ ಗೇಟ್ ಹತ್ತಿರ ಸಂಸ್ಥೆಯ ಬಸ್ಸು ವನಿತಾ ಎಂಬ ಇಪ್ಪತ್ತರ ಹುಡುಗಿಯ ಮೇಲೆ ಹರಿದಿತ್ತು. ಹುಡುಗಿ ಅಲ್ಲೇ ಸತ್ತಿದ್ದಳು. ಆ ಬೆಳಿಗ್ಗೆ ಬಸ್ಸು ಡಿಪೋ ಬಿಡುವ ಮುಂಚೆ 'ಬ್ರೇಕ್ ಸರಿಯಿದೆ' ಎಂದು ಮೆಕ್ಯಾನಿಕ್ ಸಹಿ ಹಾಕಿದ ಹಾಳೆ ಅದು. ತನಿಖೆ ಎಂಬ ಶಾಸ್ತ್ರ ಮೂರೇ ದಿನಕ್ಕೆ ಮುಗಿದು, ತಪ್ಪೆಲ್ಲ ಡ್ರೈವರ್ ಪುನೀತನದು ಎಂದಾಗಿತ್ತು. ನಾಳೆ ಹನ್ನೊಂದಕ್ಕೆ ಅವನ ಕಡೆಯ ವಿಚಾರಣೆ. ಅಷ್ಟರೊಳಗೆ ಹಾಳೆ ಹೊರಗೆ ಬರದಿದ್ದರೆ ಅವನ ಕೆಲಸ ಹೋಗುತ್ತದೆ. ಆಮೇಲೆ ಬ್ರೇಕಿನ ಮಾತು ಎತ್ತುವವರೇ ಇರುವುದಿಲ್ಲ.

ನರಸಿಂಹಯ್ಯ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಅರವತ್ತರ ಆಸುಪಾಸು. ದಪ್ಪ ಬೆರಳುಗಳು, ಎಷ್ಟು ತೊಳೆದರೂ ಕಪ್ಪು ಬಿಡದ ಉಗುರುಗಳು. ಅಂಗಿಯ ಜೇಬಿನಲ್ಲಿ ವನಿತಾಳ ಚಿತ್ರವಿತ್ತು. ಪೇಪರಿನಿಂದ ಕತ್ತರಿಸಿದ್ದು, ಮಡಚಿ ಮಡಚಿ ಹರಿದಿತ್ತು. ಮೊದಲ ಸಲ ಅದನ್ನು ಮೇಜಿನ ಮೇಲಿಟ್ಟಾಗ ಕಲಾವತಿ ತಾನೇ ಎದ್ದು ಅವರಿಗೆ ಕುರ್ಚಿ ಎಳೆದುಕೊಟ್ಟಿದ್ದಳು. ಅವಳಿಗೂ ಕಾಲೇಜಿಗೆ ಹೋಗುವ ಮಗಳಿದ್ದಳು. ಇಂಥ ಸಂಕಟವನ್ನು ಕೆದಕಿ ಕೇಳುವುದುಂಟೇ? ಅವಳು ಏನೂ ಕೇಳಿರಲಿಲ್ಲ.

"ನಾನ್ ಯೇಳಿದ್ರೆ ಯಾರೂ ಕಿವಿಗಾಕ್ಕಳಲ್ಲಮ್ಮ," ಎಂದರು ಅವರು. "ತನಿಖೆ ಸಾಹೇಬ್ರ ಮುಂದೆ ಎಲ್ಡು ಸಲ ಓಗಿ ನಿಂತೆ. 'ಬಾಯ್ಮಾತು ನಡೆಯಲ್ಲ, ಮನೆಗೋಗಿ ಯಜಮಾನ್ರೇ' ಅಂದ್ರು. ಅದಕ್ಕೇ ಕಾಗದ ಬೇಕು."

ಹೊರಗೆ ಯಾವುದೋ ಬಸ್ಸು ಕಿರ್ರೆಂದು ನಿಂತಿತು. ಅವರು ಮಾತು ನಿಲ್ಲಿಸಿ, ಸದ್ದು ಪೂರ್ತಿ ಅಡಗುವವರೆಗೂ ಕಿವಿಗೊಟ್ಟು ಕೂತರು.

"ಡ್ರೈವರ್ ಮೇಲೆ ನಿಮಗೆ ಸಿಟ್ಟಿಲ್ವಾ?"

"ಅವನ್ನ್ಯಾಕಮ್ಮ ಬೈಯ್ಲಿ? ಬ್ರೇಕ್ ಎಡಕ್ಕೆ ಎಳೀತೈತೆ ಅಂತ ಮುಂಚಿನ್ ದಿನಾನೇ ಬರ್ದುಕೊಟ್ಟಿದ್ದ. ರಿಪೇರಿ ಮಾಡ್ದೇನೇ ಸರಿ ಐತೆ ಅಂತ ಸಹಿ ಬಿದ್ದೈತೆ, ಅದನ್ನ ತೋರ್ಸಾಕೇ ಆ ಕಾಗದ."

ಇಷ್ಟೆಲ್ಲ ಎಲ್ಲಿಂದ ತಿಳಿದುಕೊಂಡರೋ. ನೋವು ಮನುಷ್ಯನನ್ನು ಎಲ್ಲೆಲ್ಲಿಗೆ ಅಲೆಸುತ್ತದೆ ಎಂದುಕೊಂಡಳು ಕಲಾವತಿ.

ಪಿಳ್ಳಪ್ಪ ಅವಳನ್ನು ಹೊರಗೆ ಕರೆದರು. ಡಿಪೋದಿಂದ ಬಂದ ಲಕೋಟೆ ಅವರ ಕಂಕುಳಲ್ಲಿತ್ತು. ಅಂಟಿಸಿದ್ದು ಅಂಟಿಸಿದಂತೆಯೇ ಇತ್ತು. ಬಿಚ್ಚಿ ನೋಡಿದರೆ ತಾವೂ ಉತ್ತರ ಹೇಳಬೇಕಾದೀತು ಎಂಬುದು ಅವರಿಗೆ ಗೊತ್ತಿತ್ತು.

"ಬೆಳಿಗ್ಗೆ ಎಪ್ಪತ್ತು ಬಸ್ಸು, ಇಬ್ರೇ ಮೆಕ್ಯಾನಿಕ್ಕು. ಹಾಳೆ ಕಟ್ಟಿಗೆಲ್ಲ ಮೊದ್ಲೇ ಸಹಿ ಹಾಕಿಟ್ಕೋತಾರೆ, ಬಸ್ ಮುಟ್ಟೋದು ಆಮೇಲೆ. ಮೊದ್ಲಿಂದಾನೂ ಇದೇ ಪದ್ಧತಿ. ಯಾವನೋ ಪಾಪದವನನ್ನ ಸಿಗಿಸ್ತೀರಾ? ಮೂರನೇ ವ್ಯಕ್ತಿ ಮಾಹಿತಿ ಅನ್ನಿ ಮೇಡಮ್. ಆಕ್ಷೇಪಣೆ ಇದೆಯಾ ಅಂತ ಸಹಿ ಹಾಕಿದವನಿಗೊಂದು ನೋಟಿಸ್ ಕಳ್ಸಿ. ಉತ್ತರಕ್ಕೆ ಹತ್ತು ದಿನ ಟೈಮು." ಪಿಳ್ಳಪ್ಪ ಮುಸಿಮುಸಿ ನಕ್ಕರು. "ಆಕ್ಷೇಪಣೆ ಇಲ್ಲ ಅಂತ ಯಾವ ದಡ್ಡ ಬರ್ಕೊಡ್ತಾನೆ?"

ಹತ್ತು ದಿನದ ಹೊತ್ತಿಗೆ ಪುನೀತ ಕೆಲಸ ಕಳೆದುಕೊಂಡು ಮನೆಯಲ್ಲಿರುತ್ತಾನೆ. ಕಲಾವತಿಗೆ ನಾಚಿಕೆಯಾಯಿತು. ಆದರೂ ನಿಯಮ ನಿಯಮವೇ. ಲಕೋಟೆ ತೆಗೆದುಕೊಂಡು ಒಳಗೆ ಬಂದಳು.

"ಸಹಿ ಹಾಕಿದವರ ಒಪ್ಪಿಗೆ ಬೇಕು ಯಜಮಾನ್ರೇ. ನೋಟಿಸು ಪೋಸ್ಟಲ್ಲಿ ಹೋಗಿ ಬರೋಕೆ..."

"ಪೋಸ್ಟ್ ಯಾಕಮ್ಮ? ನೀವು ಬರೀರಿ. ಅವನ ಕೈಗೆ ಸೇರಿಸೋ ಜವಾಬ್ದಾರಿ ನಂದು."

ಕಲಾವತಿಗೆ ದಿಗಿಲಾಯಿತು. ಮಗಳನ್ನು ಕಳೆದುಕೊಂಡ ಮನುಷ್ಯನ ಕೈಗೆ ಆ ಹೆಸರು, ಆ ವಿಳಾಸ! ಮೇಜಿನ ಮೇಲಿದ್ದ ಆ ದಪ್ಪ ಬೆರಳುಗಳನ್ನು ನೋಡಿದಳು.

"ಅವರಿಗೆ ಏನಾದ್ರೂ ಮಾಡ್ಬಿಟ್ರೆ?"

"ಮಾಡಾಕೆ ಇನ್ನೇನ್ ಉಳಿದೈತಮ್ಮ ಅವನ್ಗೆ," ಎಂದರು ನರಸಿಂಹಯ್ಯ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಹೆಂಡತಿ ವೆಂಕಟಲಕ್ಷ್ಮಮ್ಮ, ಕಲಾವತಿಗೂ ಕೇಳುವಷ್ಟು ಜೋರು ದನಿ. "ಬಂದ್ಬಿಡ್ರೀ ಮನೆಗೆ. ಸತ್ತೋದೋಳು ವಾಪಸ್ ಬತ್ತಾಳಾ? ಈ ವಯಸ್ನಾಗೆ ಇರೋದ್ನೂ ಕಳ್ಕಂಡ್ರೆ ನಾನೆಲ್ಲಿಗ್ ಓಗ್ಲಿ?" ಅತ್ತ ಅಳು ಕೇಳಿಸಿತು. ಅವರು ಫೋನಿಟ್ಟು, ಅಂಗೈಯಿಂದ ಮುಖ ಒರೆಸಿಕೊಂಡರು.

ಅದನ್ನು ಕೇಳಿದ ಮೇಲೆ ಕಲಾವತಿಯಿಂದ ತಡೆಯಲಾಗಲಿಲ್ಲ. ಆದದ್ದಾಗಲಿ. ನೋಟಿಸಿನ ಫಾರಂ ಎಳೆದುಕೊಂಡು ಲಕೋಟೆ ಹರಿದಳು. ಹಾಳೆಯ ಕೊನೆಯಲ್ಲಿ ಒಂದು ಸಹಿ, ಅದರ ಕೆಳಗೆ ದುಂಡಗೆ ಬರೆದ ಹೆಸರು. ನೋಟಿಸಿನಲ್ಲಿ ಎರಡಕ್ಷರ ಬರೆಯುವಷ್ಟರಲ್ಲಿ ಪೆನ್ನು ನಿಂತಿತು. ಹಾಳೆ ನೋಡಿದಳು, ಪಕ್ಕದಲ್ಲಿದ್ದ ಅರ್ಜಿ ನೋಡಿದಳು, ಮತ್ತೆ ಹಾಳೆ ನೋಡಿದಳು.

"ಪೂರ್ತಿ ಬರೀರಮ್ಮ, ನನ್ನೆಸ್ರೇ ಅದು," ಎಂದರು ನರಸಿಂಹಯ್ಯ ಕನ್ನಡಕ ಹಾಕಿಕೊಳ್ಳುತ್ತ. "ಆಕ್ಷೇಪಣೆ ಇಲ್ಲ ಅಂತ ಕೆಳಗೆ ಸಹಿ ಆಕ್ತೀನಿ. ಈ ಸಲ ನೋಡ್ಬಿಟ್ಟು ಆಕ್ತೀನಿ."