ಗಡಿಯ ಮಾವಿನ ಮರ

ಎರಡು ಮನೆಗಳ ನಡುವಿನ ಮಾವಿನ ಮರ ಯಾರದೆಂಬ ಜಗಳಕ್ಕೆ ಮಂಗಳ ಹಾಡಲು, ಕಾಲೇಜಿನಲ್ಲಿ ಸರ್ವೆ ಓದುತ್ತಿದ್ದ ಒಂದು ಮನೆಯ ಮಗಳೇ ಟೇಪು ಹಿಡಿದು ಬಂದಳು. ಪಕ್ಕದ ಮನೆಯ ಹುಡುಗ, ಅವಳ ಸಹಪಾಠಿ, ಟೇಪಿನ ತುದಿಯನ್ನು ಅವಳ ಮನೆಯ ಗೋಡೆಗೆ ಒತ್ತಿ ಹಿಡಿದ.

“ಇಲ್ಲಿಂದ ನಲವತ್ತಡಿ ನಮ್ಮದು. ಅಳೆಯಮ್ಮ,” ಎಂದರು ಅವಳಪ್ಪ, ಮೀಸೆ ತಿರುವುತ್ತ.

ಟೇಪು ನೆಲ ಮುಟ್ಟುವಷ್ಟು ಜೋತುಬಿದ್ದಿತ್ತು. ಹುಡುಗ ಬಾಯಿ ತೆರೆಯುವಷ್ಟರಲ್ಲಿ ಅವಳು ಮರದಿಂದ ಈಚೆಗೇ ಗೂಟ ಹೊಡೆದಳು.

“ಮರ ಅವರದ್ದಪ್ಪ.”

ಅಪ್ಪ ಮುಖ ಊದಿಸಿಕೊಂಡು ಒಳಗೆ ನಡೆದರು. ಹುಡುಗ ಅವಳ ಹತ್ತಿರ ಬಂದು ಪಿಸುಗುಟ್ಟಿದ:

“ಟೇಪು ಜೋತುಬಿದ್ರೆ ಜಾಗ ಕಮ್ಮಿ ಬೀಳುತ್ತೆ ಅಂತ ಫಸ್ಟ್ ಇಯರ್‌ನಲ್ಲೇ ಹೇಳ್ಕೊಟ್ಟಿಲ್ವಾ? ಬಿಗಿಯಾಗಿ ಎಳೆದಿದ್ರೆ ಮರ ನಿಮ್ಮದೇ ಆಗ್ತಿತ್ತು. ಮರೆತುಬಿಟ್ಯಾ?”

“ಮರೆಯೋದೇನು? ನಾಳೆ ನಿಮ್ಮನೆಗೆ ಸೊಸೆಯಾಗಿ ಬಂದ್ಮೇಲೆ, ಉಪ್ಪಿನಕಾಯಿಗೆ ಮಿಡಿ ಕೊಡಿ ಅಂತ ಅಪ್ಪನ ಹತ್ರ ಕೈಚಾಚ್ಲಾ?”