ನೇರಳೆ ಬಟ್ಟೆಯ ಗಂಟು

ಬೆಂಕಿ ತೆಗೆದುಕೊಂಡದ್ದು ಇಷ್ಟು: ಅರವತ್ಮೂರು ಮನೆ, ಹನ್ನೊಂದು ದೋಣಿ, ಎರಡು ಹಂದಿ, ಒಂದು ಚ್ಯಾಪೆಲ್. ಜನ ಯಾರೂ ಸಾಯಲಿಲ್ಲ. ಕೇರಿಯ ಬಸುರಿ ಹೆಂಗಸು ಲಿಗಾಯಳ ಗಂಡನ ಎರಡೂ ಕೈ ಸುಟ್ಟು, ಅವನು ಆಸ್ಪತ್ರೆ ಸೇರಿದ. ಉಳಿದದ್ದು ಮೈಮೇಲಿನ ಬಟ್ಟೆ ಮತ್ತು ಚ್ಯಾಪೆಲ್ಲಿನ ದೇವಮಾತೆಯ ಮೂರ್ತಿ.

ದೇವಮಾತೆಯನ್ನು ಉಳಿಸಿದವಳು ಒಸಿಯಾಂಗ್. ಮೂವತ್ತೊಂದು ವರ್ಷದಿಂದ ಚ್ಯಾಪೆಲ್ಲಿನ ಕಸ ಗುಡಿಸಿ ಮೇಣದಬತ್ತಿ ಹಚ್ಚುತ್ತಿದ್ದವಳು. ಹೊಗೆಯೊಳಗೆ ನುಗ್ಗಿ, ನೇರಳೆ ಬಟ್ಟೆ ಸುತ್ತಿದ ಗಂಟನ್ನು ಮಗುವಿನಂತೆ ಎದೆಗವಚಿಕೊಂಡು ಹೊರಬಂದಳು. ಮನಿಲಾ ಕೊಲ್ಲಿಯ ದಡದ ಆ ಕೇರಿಯ ಜನ ರಸ್ತೆಯಲ್ಲೇ ಮಂಡಿಯೂರಿದರು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಕೊನೆಯ ಎರಡು ವಾರ ಮೂರ್ತಿಗಳನ್ನು ನೇರಳೆ ಬಟ್ಟೆಯಲ್ಲಿ ಮುಚ್ಚಿಡುತ್ತಾರೆ. ತೆಗೆಯುವುದು ಹಬ್ಬದ ದಿನವೇ. ಈ ಸಲ ಮುಚ್ಚಿದ ಮೇಲೆ ಒಂದು ಗಜ ಬಟ್ಟೆ ಮಿಕ್ಕಿತ್ತು. ಒಸಿಯಾಂಗ್ ಏನನ್ನೂ ಹಾಳುಮಾಡುವವಳಲ್ಲ. ಚ್ಯಾಪೆಲ್ಲಿನ ಹಿಂದಿನ ತಂಪು ಕೋಣೆಯಲ್ಲಿ ಅವಳ ತೆಂಗಿನ ಕಳ್ಳಿನ ವಿನೆಗರ್ ಹುಳಿಯುತ್ತಿತ್ತು. ನೊಣ ಕೂರದಿರಲೆಂದು ಜಾಡಿಗೂ ಅದೇ ಬಟ್ಟೆ ಸುತ್ತಿದಳು. ಚ್ಯಾಪೆಲ್ಲಿನ ಗೋಡೆಗೆ ಬಣ್ಣ ಹೊಡೆಯಬೇಕಿದ್ದರಿಂದ ಮೂರ್ತಿಯನ್ನೂ ಆ ಕೋಣೆಗೇ ಸರಿಸಿದ್ದರು. ಎತ್ತರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಮನೆ ಕಳೆದುಕೊಂಡವರಿಗೆ ಶಾಲೆಯಲ್ಲಿ ಜಾಗ ಕೊಟ್ಟರು. ತರಗತಿಯ ಬೀರುವಿನ ಮೇಲೆ ಗಂಟನ್ನು ಇಡುವಾಗ ಒಳಗೇನೋ ಕುಲುಕಿತು. ದೇವಮಾತೆ ಕುಲುಕುವುದಿಲ್ಲ.

ಒಸಿಯಾಂಗ್ ಬಾಯಿ ತೆರೆದಳು. ಅಷ್ಟರಲ್ಲಿ ಲಿಗಾಯ ಅವಳ ಕೈ ಹಿಡಿದುಕೊಂಡಳು. ಲಿಗಾಯಳಿಗೆ ಏಳು ತಿಂಗಳು.

"ಈಸ್ಟರ್ ಮಾರನೇ ದಿನ ಬಸ್ ಕಳಿಸ್ತಾರಂತೆ ಅಕ್ಕಾ, ಬೆಟ್ಟದಾಚೆ ಹೊಸ ಕಾಲೊನಿಗೆ. ಸಮುದ್ರಾನೇ ಇಲ್ಲದ ಕಡೆ ಹೋಗಿ ಏನ್ ತಿನ್ನೋದು? ಹೋಗೋದೇ ಅಂತ ಅಂದ್ಕೊಂಡಿದ್ದೆ. ಆದ್ರೆ ಅಮ್ಮ ಬೆಂಕಿಯಿಂದ ಎದ್ದು ಬಂದ್ಲಲ್ಲ, ಸಾಕು. ಇಲ್ಲೇ ಗೂಡು ಕಟ್ಕೋತೀವಿ."

ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಒಸಿಯಾಂಗ್ ಬಾಯಿ ಮುಚ್ಚಿದಳು.

"ಈಸ್ಟರ್ ತನಕ ಯಾರೂ ಮುಟ್ಟಬಾರದು," ಎಂದಳು. ತಾನೂ ಮುಟ್ಟಲಿಲ್ಲ.

ದಿನಾ ಸಂಜೆ ಆ ಬೀರುವಿನ ಮುಂದೆ ಜಪಮಾಲೆ ಪ್ರಾರ್ಥನೆ ನಡೆಯಿತು. ಜನ ಅತ್ತರು, ಆಮೇಲೆ ಹಾಡಿದರು, ಆಮೇಲೆ ಯಾರ ಮನೆ ಎಲ್ಲಿ ಏಳಬೇಕೆಂದು ಜಗಳವಾಡಿದರು. ಜಗಳ ಶುರುವಾದರೆ ಕೇರಿ ಚೇತರಿಸಿಕೊಂಡಂತೆಯೇ.

ದೂರ ಉಳಿದವನು ಅಂಬೊ ಒಬ್ಬನೇ. ದೋಣಿ ಮಾಡುವ ಬಡಗಿ. ಮದುವೆಯ ದಿನ ಬಿಟ್ಟರೆ ಚ್ಯಾಪೆಲ್ಲಿನ ಮೆಟ್ಟಿಲು ಹತ್ತಿದವನಲ್ಲ. ಅವನ ಪಾಲಿಗೆ ಉಳಿದದ್ದು ಸೊಂಟದಲ್ಲಿದ್ದ ಉಳಿ ಮಾತ್ರ. ಶಾಲೆಯ ಹಿಂದೆ ಕೂತು ಅರೆಸುಟ್ಟ ಮರದ ತುಂಡೊಂದನ್ನು ಕೆತ್ತುತ್ತಿದ್ದ. ಕೇಳಿದರೆ ಚುಕ್ಕಾಣಿ ಎನ್ನುತ್ತಿದ್ದ. ದೋಣಿಯಿಲ್ಲದವನ ಚುಕ್ಕಾಣಿ ಎಂದು ಜನ ನಕ್ಕರು.

ನಾಲ್ಕನೆಯ ದಿನ ಅವನು ಒಸಿಯಾಂಗಳನ್ನು ನಲ್ಲಿಯ ಹತ್ತಿರ ತಡೆದ.

"ಅಕ್ಕಾ, ನಿಮ್ಮಮ್ಮನ ಹತ್ರ ಹುಳಿ ವಾಸನೆ ಬರ್ತಿದೆಯಲ್ಲ?"

"ನಿನ್ನ ಬಾಯಿದೇ ಇರ್ಬೇಕು. ಹಲ್ಲುಜ್ಜು."

"ಎತ್ತರ ಎಷ್ಟಿದ್ಲು? ಒಂದೂವರೆ ಅಡಿ?"

"ಅಷ್ಟೇ. ಯಾಕೆ?"

"ಕತ್ತು ಯಾವ ಕಡೆ ವಾಲಿತ್ತು?"

"ಎಡಕ್ಕೆ. ಮಗು ಕಡೆ."

"ಮಗು ನಗ್ತಿತ್ತಾ?"

"ನಿದ್ದೆ ಮಾಡ್ತಿತ್ತು. ನೀನೇನು ಪೊಲೀಸಪ್ಪನೇನೋ?"

"ಈಸ್ಟರ್ ದಿನ ಎಲ್ರೂ ನೋಡ್ತಾರಲ್ಲ ಅಕ್ಕಾ. ಅದಕ್ಕೇ ಕೇಳ್ದೆ."

ಒಸಿಯಾಂಗಳ ಕೊಡ ತುಂಬಿ ಹರಿಯಿತು. ಇವನಿಗೆ ಗೊತ್ತು. ಎಲ್ಲರೆದುರು ಮಾನ ಕಳೆಯಲು ಕಾಯುತ್ತಿದ್ದಾನೆ.

ಪವಿತ್ರ ವಾರದ ಬುಧವಾರ ಅಂಬೊ ದಡದಲ್ಲೇ ಗಾಳ ಹಾಕಿ ಮೀನು ಹಿಡಿದು ತಂದ. ಹುಳಿಯಾಗಿ ಬೇಯಿಸಿ ಎಲ್ಲರಿಗೂ ಬಡಿಸಿದ. ಅಲ್ಲಿಯವರೆಗೆ ಪರಿಹಾರದ ಚೀಲದಲ್ಲಿ ಬಂದದ್ದು ಅಕ್ಕಿ, ಉಪ್ಪು, ನೂಡಲ್ಸ್, ಡಬ್ಬಿ ಮೀನು. ಜನ ತಟ್ಟೆ ಬಳಿದು ತಿಂದರು. ಒಸಿಯಾಂಗ್ ಮತ್ತೊಮ್ಮೆ ಹಾಕಿಸಿಕೊಂಡಳು. ತನ್ನ ಮನೆಯ ಊಟದ ರುಚಿ ಎನಿಸಿ ಕಣ್ಣು ತುಂಬಿತು. ಮನೆ ನೆನಪಾದರೆ ಹಾಗೇ ಎಂದುಕೊಂಡಳು.

ಶುಭ ಶುಕ್ರವಾರ ಅವಳು ಫಾದರ್ ಡೆಲ್ಫಿನ್ ಬಳಿ ಪಾಪನಿವೇದನೆಗೆ ಕೂತಳು. ಎಲ್ಲ ಹೇಳಿದಳು. ಫಾದರ್ ಬಹಳ ಹೊತ್ತು ಕೆಮ್ಮಿದರು.

"ಅವರ ಪ್ರಾರ್ಥನೆ ದೇವರಿಗೆ ಕೇಳ್ಸಿಲ್ಲ ಅಂತೀಯಾ?"

"ಪ್ರಾರ್ಥನೆ ಮಾಡಿದ್ದು ವಿನೆಗರ್ ಮುಂದೆ, ಫಾದರ್."

"ನಾನು ಕೇಳಿದ್ದು ದೇವರ ವಿಷಯ."

ಅವಳು ಪ್ರಾಯಶ್ಚಿತ್ತ ಏನೆಂದು ಕೇಳಿದಳು.

"ಪ್ರಾಯಶ್ಚಿತ್ತ ಇಷ್ಟೇ. ಬಟ್ಟೆ ನೀನೇ ತೆಗಿ. ಮೊದ್ಲು ನಿಜ ಹೇಳು, ಆಮೇಲೆ ತೆಗಿ."

ಈಸ್ಟರ್ ಬೆಳಗ್ಗೆ ತರಗತಿ ತುಂಬಿ ಹೊರಗೂ ಜನ ನಿಂತಿದ್ದರು. ಮುಂದಿನ ಬೆಂಚಿನಲ್ಲಿ ಲಿಗಾಯ, ಪಕ್ಕದಲ್ಲಿ ಎರಡೂ ಕೈಗೆ ಬ್ಯಾಂಡೇಜು ಸುತ್ತಿದ ಗಂಡ. ಬಾಗಿಲಲ್ಲಿ, ಯಾರದೋ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಅಂಬೊ. ತಮಾಷೆ ನೋಡಲು ಬಂದಿದ್ದಾನೆ ಎಂದುಕೊಂಡಳು ಒಸಿಯಾಂಗ್.

ಸ್ಟೂಲು ಹತ್ತಿ ನಿಂತಳು.

"ಇದರೊಳಗೆ ಅಮ್ಮ ಇಲ್ಲ. ಹೊಗೇಲಿ ತಪ್ಪು ಗಂಟು ಎತ್ಕೊಂಡು ಬಂದೆ. ಇದು ನನ್ನ ವಿನೆಗರ್ ಜಾಡಿ. ಅಮ್ಮ ಅಲ್ಲೇ ಸುಟ್ಟುಹೋದ್ಲು. ಅವಳು ಬಂದ್ಲು ಅಂತ ಇಲ್ಲೇ ಉಳಿಯೋರು ಉಳೀಬೇಡಿ. ಬಸ್ ನಾಳೆ ಬರತ್ತೆ. ನನ್ನ ಕ್ಷಮಿಸಿ."

ಅವಳು ಕಣ್ಣು ಮುಚ್ಚಿ ಬಟ್ಟೆ ಎಳೆದಳು.

"ಪಾಪ, ಹೊಗೆ ತಲೆಗೇರಿದೆ," ಎಂದಳು ಲಿಗಾಯ.

ಒಸಿಯಾಂಗ್ ಕಣ್ಣು ತೆರೆದಳು. ಬೀರುವಿನ ಮೇಲೆ ಒಂದೂವರೆ ಅಡಿ ಎತ್ತರದ ಕಪ್ಪು ಮರದ ತಾಯಿ. ಕತ್ತು ಎಡಕ್ಕೆ ವಾಲಿತ್ತು. ತೋಳಿನಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಒಂದು ಭುಜ ಇನ್ನೂ ಇದ್ದಿಲಾಗಿಯೇ ಇತ್ತು.

"ಬೆಂಕೀಲಿ ಎಷ್ಟು ಕಪ್ಪಾಗಿದ್ದಾಳೆ ನೋಡಿ ನಮ್ಮಮ್ಮ," ಎಂದು ಯಾರೋ ಅತ್ತರು. ಉಳಿದವರು ಹಾಡತೊಡಗಿದರು. ಬಾಗಿಲಲ್ಲಿದ್ದ ಅಂಬೊ ತನ್ನ ಹೆಬ್ಬೆರಳಿನ ಗಾಯವನ್ನು ನೋಡಿಕೊಳ್ಳುತ್ತಿದ್ದ.

ಸೋಮವಾರ ಬಸ್ಸು ಖಾಲಿ ಹೋಯಿತು. ಆ ಗಂಟಿನ ಲೆಕ್ಕದಲ್ಲಿ ಒಟ್ಟು ನಷ್ಟ ಒಂದು ಜಾಡಿ ವಿನೆಗರ್. ಅದನ್ನು ಬುಧವಾರವೇ ಎಲ್ಲರೂ ಮೀನಿನ ಜೊತೆ ಉಂಡು ಮುಗಿಸಿದ್ದರು; ಒಸಿಯಾಂಗ್, ಎರಡು ಸಲ.